ಎಂಟನೇ ಗೂಟ

ನಗೋದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಹಲ್ಲು ಕಿರಿದರೆ ನನಗೆ ಕೆಟ್ಟ ಕೋಪ ಬರುತ್ತೆ. ಇದು ನನ್ನ ಚಿಕ್ಕಮ್ಮನ ಮಗ ಗಿಚೋಲ್‌ಗೆ ಆದದ್ದು. ಅರ್ಧ ಅವನ ಬಾಯಿಂದ ಕೇಳಿದೆ. ಇನ್ನರ್ಧ ನನ್ನ ಕಣ್ಣಾರೆ... ತಾಳಿ, ಹೇಳ್ತೀನಿ.

ಚಿಕ್ಕಮ್ಮ ತೀರಿಕೊಂಡು ಆಗ ಆರು ವರ್ಷ. ನಮ್ಮೂರ ಹಿಂದಿನ ಗುಡ್ಡದಲ್ಲೇ ಮಣ್ಣು ಮಾಡಿದ್ವಿ. "ನನ್ನನ್ನ ಸುಡಬೇಡ್ರೇ, ಒಲೆ ಮುಂದೆ ಬೆಂದಿದ್ದೇ ಸಾಕು" ಅಂತ ಅವಳೇ ಕೇಳಿಕೊಂಡಿದ್ದಳು. ಚುಸೊಕ್ ಹಬ್ಬಕ್ಕೆ ಮುಂಚೆ ಮನೆಮಂದಿ ಹೋಗಿ ಸಮಾಧಿ ದಿಬ್ಬದ ಮೇಲಿನ ಹುಲ್ಲು ಕೊಯ್ಯಬೇಕು. ಇವನು ಒಬ್ಬನೇ ಮಗ. ಸಿಯೋಲ್‌ನಿಂದ ಒಂದು ಸಲವೂ ಬರಲಿಲ್ಲ. ಪ್ರತಿ ವರ್ಷ ಕುಡುಗೋಲು ಹಿಡಿದವರು ನಾನು, ನನ್ನ ಗಂಡ.

ಆ ವರ್ಷ ಫೋನ್ ಮಾಡಿದ. "ಅಕ್ಕ, ಈ ಚಳಿಗಾಲ ಅಮ್ಮನ್ನ ತೆಗೆಸಿ ಸುಡಿಸಿಬಿಡೋಣ. ಬೂದಿ ಇಲ್ಲೇ ಸಿಯೋಲ್‌ನಲ್ಲಿ, ಅದಕ್ಕೇ ಅಂತ ಕಟ್ಟಿರೋ ಗೂಡಲ್ಲಿ ಇಟ್ಟರಾಯ್ತು. ವರ್ಷಾ ವರ್ಷಾ ಹುಲ್ಲು ಕೊಯ್ಯೋರ್ಯಾರು?"

"ನೀನು ಯಾವತ್ತು ಕೊಯ್ದೆಯೋ ಮಹಾರಾಯ?" ಅಂದೆ. "ಒಂದೇ ಒಂದು ಸಲ ಬಂದು ನಿನ್ನ ಕೈಯಾರೆ ಕೊಯ್ಯಿ. ಆಮೇಲೂ ಸುಡಬೇಕು ಅನ್ನಿಸಿದರೆ ಸುಡು. ನಾನು ತುಟಿಪಿಟಕ್ಕೆನ್ನಲ್ಲ."

"ಭಾನುವಾರ ಬರ್ತೀನಿ" ಅಂದ. ಶುಕ್ರವಾರ ಸಂಜೆ ಮತ್ತೆ ಫೋನು. "ಆಫೀಸಲ್ಲಿ ಕೆಲಸ ಬಂದ್ಬಿಡ್ತು ಅಕ್ಕ..."

ಕೆಲಸವಂತೆ, ಮಣ್ಣಂಗಟ್ಟಿ! ಶನಿವಾರ ಟೆಂಟು ಬೆನ್ನಿಗೇರಿಸಿಕೊಂಡು ಒಬ್ಬನೇ ಗಾಂಗ್ವೊನ್ ಬೆಟ್ಟಕ್ಕೆ ಹೊರಟಿದ್ದ. ನಮ್ಮೂರು ದಕ್ಷಿಣದ ತುದಿ. ಆ ಬೆಟ್ಟದಿಂದ ಇಲ್ಲಿಗೆ ಕಾರಲ್ಲಿ ಐದು ಗಂಟೆ ದಾರಿ.

ಬೆಟ್ಟದ ಬುಡದ ಅಂಗಡಿಯಲ್ಲಿ ಸೋಜು ಸಾರಾಯಿ ಕೊಂಡನಂತೆ. ಅಂಗಡಿ ಮುದುಕ ಅವನ ಚೀಲ ನೋಡಿ, "ಮೇಲೆ ಹುಲ್ಲಿನ ಬಯಲು ಸಿಗುತ್ತೆ, ಅಲ್ಲಿ ಮಲಗಬೇಡ" ಅಂದ. "ದಟ್ಟ ಕಾಡಿನ ನಡುವೆ ಅಷ್ಟು ಒಳ್ಳೆ ಜಾಗ ಯಾಕೆ ಖಾಲಿ ಬಿದ್ದಿದೆ ಅಂತ ಯೋಚನೆ ಮಾಡು." ಇವನು ನಕ್ಕ. ಸಿಯೋಲ್‌ನವನಲ್ವಾ, ನಗ್ತಾನೆ.

ಹತ್ತುವಷ್ಟರಲ್ಲಿ ಕತ್ತಲಾಯ್ತು. ದಾರಿಯಲ್ಲಿ ಒಂದು ನೀರಿನ ಊಟೆ. ನೀರು ಕುಡಿಯೋಕೆ ಅಂತ ನೇತುಹಾಕಿದ್ದ ಸೌಟು ಕಲ್ಲಿಗೆ ಬಡೀತಿತ್ತು. ಟಕ್... ಟಕ್... ಗಾಳಿ ಇರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ದಾಟಿದ.

ಮುಂದೆ ಅದೇ ಬಯಲು. ಮೆತ್ತನೆ ಹುಲ್ಲು. ಒಂದು ತುದಿ ಸ್ವಲ್ಪ ಉಬ್ಬಿತ್ತು, ತಲೆದಿಂಬಿನ ಹಾಗೆ. ಎಂಥ ಜಾಗ ಸಿಕ್ತು ಅಂದುಕೊಂಡ, ಪಾಪಿ. ನೋಡೋರಿಲ್ಲದೆ ಕುಸಿದುಹೋದ ಸಮಾಧಿ ಅದು. ಒಂದು ಸಲ ಹುಲ್ಲು ಕೊಯ್ದ ಕೈಯಾದರೂ ಗುರುತು ಹಿಡೀತಿತ್ತು.

ಟೆಂಟಿಗೆ ಎಂಟು ಕಬ್ಬಿಣದ ಗೂಟ ಹೊಡೆದ. ಹುಲ್ಲಲ್ಲಿ ಕಳೆದುಹೋಗಬಾರದು ಅಂತ ಒಂದೊಂದಕ್ಕೂ ಹಳದಿ ಟೇಪು ಸುತ್ತಿಟ್ಟಿದ್ದ. ನೋಡಿ, ಗೂಟದ ಮೇಲೆ ಎಷ್ಟು ಜತನ! ರಾಮ್ಯೊನ್ ನೂಡಲ್ಸ್ ಬೇಯಿಸಿಕೊಂಡು ತಿಂದ. ಸೋಜು ಕುಡಿದ. ಆ ಜಾಗದ ದೈವಕ್ಕೆ ಅಂತ ಮಣ್ಣಿಗೆ ಮೊದಲು ಒಂದು ಹನಿ ಚೆಲ್ಲಲಿಲ್ಲ.

ರಾತ್ರಿ ಒಂದು ಗಂಟೆಗೆ ಎಚ್ಚರವಾಯ್ತು.

ಸರ್ಕ್... ಸರ್ಕ್... ಸರ್ಕ್...

ಯಾರೋ ಕುಡುಗೋಲಲ್ಲಿ ಹುಲ್ಲು ಕೊಯ್ತಿದ್ದಾರೆ. ಟೆಂಟಿನ ಸುತ್ತ. ನಿಲ್ಲಿಸಿದರು. ಕಲ್ಲಿಗೆ ಅಲಗು ಮಸೆದರು. ಕಿರ್ರ್... ಕಿರ್ರ್... ಆಮೇಲೆ ಟೆಂಟಿನ ಬಟ್ಟೆಗೆ ಬಾಯಿ ಒತ್ತಿಕೊಂಡ ಹಾಗೆ, ಒಬ್ಬ ಮುದುಕಿಯ ಪಿಸುಮಾತು.

"ಊಟ ಆಯ್ತಾ?"

"ಆ... ಆಯ್ತು ಅಜ್ಜಿ."

"ಏನು ತಿಂದೆ?"

"ರಾಮ್ಯೊನ್."

"ಅದೂ ಒಂದು ಊಟವೇನೋ..." ಸರ್ಕ್... ಸರ್ಕ್... "ಅಮ್ಮ ಇದ್ದಾಳಾ?"

"ಇಲ್ಲ. ಹೋಗ್ಬಿಟ್ಳು."

"ಹುಲ್ಲು ಕೊಯ್ದು ಬಂದೆಯಾ?"

ಇವನಿಗೆ ಸುಳ್ಳು ಸಲೀಸಾಗಿ ಬಂತು. "ಕೊಯ್ದೆ ಅಜ್ಜಿ. ಚೆನ್ನಾಗಿ ಕೊಯ್ದೆ."

ಹೊರಗೆ ಸಣ್ಣಗೆ ನಕ್ಕ ಸದ್ದು. "ನನ್ನ ಮಗನೂ ಹೀಗೇ ಹೇಳ್ತಾನೆ."

ಸರ್ಕ್... ಸರ್ಕ್... ಆಮೇಲೆ ಮತ್ತೆ ಅದೇ ದನಿ. ಈ ಸಲ ಹೊರಗಿಂದಲ್ಲ. ಅವನು ಮಲಗಿದ್ದ ಚಾಪೆಯ ಕೆಳಗಿಂದ.

"ಸ್ವಲ್ಪ ಆ ಕಡೆ ಸರಿಯೋ ಮಗಾ... ಎದೆಗೆ ಚುಚ್ಚುತ್ತೆ."

ಸರಿದನಂತೆ. ಬೆಳಗಾಗೋವರೆಗೂ ಟೆಂಟಿನ ಮೂಲೆಯಲ್ಲಿ ಮುದುಡಿ ಕೂತಿದ್ದನಂತೆ. ಬೆಳಕಾದ ಮೇಲೆ ಹೊರಗೆ ಬಂದರೆ, ಸುತ್ತಲೂ ಹುಲ್ಲು ನುಣ್ಣಗೆ ಕೊಯ್ದಿದೆ. ಸಿಕ್ಕಿದ್ದನ್ನ ಸಿಕ್ಕಿದ ಹಾಗೆ ಚೀಲಕ್ಕೆ ತುರುಕಿ, ಎದ್ದೆನೋ ಬಿದ್ದೆನೋ ಅಂತ ಓಡಿ ಇಳಿದ. ಅಷ್ಟೆಲ್ಲ ಆದ ಮೇಲೂ ಕಾರು ತಿರುಗಿಸಿದ್ದು ಎಲ್ಲಿಗೆ? ಅಮ್ಮನ ಹತ್ರ ಅಲ್ಲ. ಸಿಯೋಲ್‌ಗೆ!

ಈಗ ನನ್ನ ಪಾಲು ಕೇಳಿ. ಅದೇ ಭಾನುವಾರ ಬೆಳಿಗ್ಗೆ ನಾನೂ ನನ್ನ ಗಂಡನೂ ಚಿಕ್ಕಮ್ಮನ ಹತ್ರ ಹೋದ್ವಿ. ಸೊಂಟದೆತ್ತರ ಹುಲ್ಲು. ಆದರೆ ಸಮಾಧಿಯ ಮೇಲೆ ಮಾತ್ರ, ಒಬ್ಬ ಮನುಷ್ಯ ಮಲಗಿ ಎದ್ದಷ್ಟು ಜಾಗದಲ್ಲಿ, ಹುಲ್ಲು ಒತ್ತಿಹೋಗಿತ್ತು. ಹಂದಿ ಹೊರಳಿರಬೇಕು ಅಂದರು ನನ್ನ ಗಂಡ. ನಾನು ಕೊಯ್ಯುತ್ತಾ ನಡುಭಾಗಕ್ಕೆ ಬಂದೆ. ಟಿಣ್ ಅಂತು. ಕುಡುಗೋಲು ಕಬ್ಬಿಣಕ್ಕೆ ತಾಗಿತ್ತು.

ಕಿತ್ತು ನೋಡಿದರೆ ಒಂದು ಗೂಟ. ಹಳದಿ ಟೇಪು ಸುತ್ತಿದ್ದು. ಟೆಂಟಿನ ವಿಷಯ ನನಗೆ ಆಗ ಏನು ಗೊತ್ತು? ಜೇಬಿಗೆ ಹಾಕಿಕೊಂಡೆ.

ಅದೇ ರಾತ್ರಿ ಗಿಚೋಲ್ ಫೋನ್ ಮಾಡಿ ಎಲ್ಲ ಒದರಿದ, ಅಳ್ತಾ. ಆಫೀಸಿನ ಸುಳ್ಳನ್ನೂ ಒಪ್ಪಿಕೊಂಡ. ನಾನು ಜೇಬಿಂದ ಗೂಟ ತೆಗೆದೆ.

"ಗೂಟ ಎಣಿಸು" ಅಂದೆ.

"ಯಾಕಕ್ಕ?"

"ಎಣಿಸೋ!"

ಚೀಲ ಸುರಿದ ಸದ್ದು. ಟಿಣಿಟಿಣಿ... "ಏಳಿದೆ. ಎಂಟಿರಬೇಕಿತ್ತು."

"ಎಂಟನೇದು ನಿನ್ನಮ್ಮನ ಎದೆ ಮೇಲಿತ್ತು ಕಣೋ."

ಆಮೇಲೆ ಕೇಳಿದೆ, "ರಾಮ್ಯೊನ್ ಅಂದಾಗಲೆಲ್ಲ 'ಅದೂ ಒಂದು ಊಟವೇನೋ' ಅನ್ನುತ್ತಿದ್ದವಳು ಯಾರು? ದನಿ ಗುರುತು ಸಿಕ್ಕಲಿಲ್ವಾ ನಿಂಗೆ?"

"ಯಾರೋ ಮುದುಕಿ ಅಂದುಕೊಂಡೆ ಅಕ್ಕ..." ಅಂದ.

ಬರೀ ಆರೇ ವರ್ಷ. ಹೆತ್ತವಳ ದನಿ ಮರೆತುಹೋಗಿತ್ತು. ನನಗೆ ಕೋಪವೂ ಬಂತು, ಅಯ್ಯೋ ಅಂತಲೂ ಅನ್ನಿಸ್ತು.

ಸುಡಿಸೋ ಮಾತು ಅವನು ಮತ್ತೆ ಎತ್ತಲಿಲ್ಲ. ಹುಲ್ಲು ಕೊಯ್ಯೋಕೂ ಬರಲಿಲ್ಲ. ಬಾಯಿ ಮುಚ್ಚಿಸಿದ್ದು ಭಯ. ಪ್ರೀತಿ ಅನ್ನೋದು ಇದ್ದಿದ್ದರೆ ಕರಕೊಂಡು ಬರ್ತಿತ್ತು. ಈಗಲೂ ಹಬ್ಬದ ದಿನ ಫೋನ್ ಮಾಡ್ತಾನೆ. ಅಮ್ಮ ಹೇಗಿದ್ದಾಳೆ ಅಂತ ಕೇಳ್ತಾನೆ, ಬದುಕಿರೋರ ಬಗ್ಗೆ ಕೇಳಿದ ಹಾಗೆ. ಬಂದು ನೋಡು ಅಂದರೆ ಫೋನ್ ಇಟ್ಟುಬಿಡ್ತಾನೆ.

ಗೂಟ ಆ ಡ್ರಾಯರಲ್ಲಿದೆ, ಬೇಕಾದವರು ತೆಗೆದು ನೋಡಿ. ನಾನೇನು ಕತೆ ಕಟ್ಟಿ ಹೊಟ್ಟೆ ಹೊರೆಯೋಳಲ್ಲ. ಗೂಟ ಕಿತ್ತ ತೂತಿಗೆ ಪ್ರತಿ ವರ್ಷ ಮಣ್ಣು ತುಂಬಿ, ಕಾಲಲ್ಲಿ ಒತ್ತಿ ಬರ್ತೀನಿ. ಮರುವರ್ಷ ಹೋದರೆ ಹಾಗೇ ತೆರೆದುಕೊಂಡಿರುತ್ತೆ. ಈ ಸಲ ಬೆರಳಿಟ್ಟು ನೋಡಿದೆ. ಬೆಳಗಿನ ಹೊತ್ತು, ಹುಲ್ಲಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ...

ಒಳಗೆ ಬೆಚ್ಚಗಿತ್ತು.