ಎಲೆಯ ಪಕ್ಕದ ರೆಕಾರ್ಡು

ಅದಕ್ಕೊಂದು ಹೆಸರುಂಟು... ನಾಲಗೆಯ ತುದಿಯಲ್ಲೇ ಉಂಟು. ಸಣ್ಣ ರೆಕಾರ್ಡುಗಳ ನಡುವೆ ದೊಡ್ಡ ತೂತು ಇರುತ್ತದಲ್ಲ, ಬದಿಗೊಂದೇ ಹಾಡಿರುವ ರೆಕಾರ್ಡುಗಳು... ಆ ತೂತಿಗೆ ಒತ್ತಿ ಕೂರಿಸುವ ಹಳದಿ ಪ್ಲಾಸ್ಟಿಕ್ಕಿನ ಚೂರು. ಅದಿಲ್ಲದಿದ್ದರೆ ರೆಕಾರ್ಡು ಮೆಷಿನಿನ ಮೇಲೆ ಅಲ್ಲಾಡುತ್ತದೆ. ನಿತ್ಯಾನಂದ ಫೋನಿನಲ್ಲಿ ಎರಡು ಸಲ ಹೆಸರು ಹೇಳಿದ್ದ. ನಾಗಪುರಕ್ಕೆ ಬಂದು ಐವತ್ತೊಂದು ವರ್ಷ ಆಯಿತು, ತುಳುವೇ ಒಂದೊಂದು ಶಬ್ದವಾಗಿ ಉದುರುತ್ತಾ ಉಂಟು, ಇನ್ನು ಇದೆಲ್ಲಿ ನಿಲ್ಲುತ್ತದೆ? ಇರಲಿ. ಬಿಲ್ಲೆ ಅನ್ನುತ್ತೇನೆ. ಸಂಚಿತಾ, ಆ ಬಾಗಿಲು ಹಾಕು. ನಿನ್ನ ಅಮ್ಮ ಮಲಗಿದ್ದಾಳೆ, ಮೆಲ್ಲಗೆ ಹೇಳುತ್ತೇನೆ.

ನಿತ್ಯಾನಂದ ನನ್ನ ತಂಗಿಯ ಮಗ. ನೀನು ನೋಡಿದ್ದೀ, ಬೋಳುತಲೆ, ಮಾತು ಕಡಿಮೆ. ಮಂಗಳೂರಿನಲ್ಲಿ ಫಳ್ನೀರಿನಲ್ಲಿ ಫ್ಲಾಟು. ಎಪ್ಪತ್ತು, ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಡಿನ ಸಣ್ಣ ರೆಕಾರ್ಡು ಕೂಡಿಡುವುದು ಅವನ ಹುಚ್ಚು. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಶಶಿಪ್ರಭಾ ನನಗೆ ಹೇಳಿದ್ದಳು, "ದೊಡ್ಡಮ್ಮಾ, ಇವರು ನನ್ನನ್ನು ನೋಡಲು ಬಂದಾಗಲೂ ನಮ್ಮ ಅಟ್ಟದಲ್ಲಿ ಎಂತ ಉಂಟು ಅಂತಲೇ ಕೇಳಿದ್ದು!"

ನಾಲ್ಕು ವರ್ಷದ ಹಿಂದಿನ ಮಾತು. ಗುಜರಿ ಅಂಗಡಿಯ ನವಾಝ್ ಅವನಿಗೆ ಫೋನು ಮಾಡಿದ. "ಕೊಡಿಯಾಲ್‌ಬೈಲಿನಲ್ಲಿ ಒಂದು ಹಳೇ ಮನೆ, ಮುಂದಿನ ವಾರ ಕೆಡವುತ್ತಾರೆ. ಒಂದು ಪೆಟ್ಟಿಗೆ ರೆಕಾರ್ಡು ಉಂಟು. ಕೇಳಿ ಇಟ್ಟಿದ್ದೇನೆ, ಬೇಗ ಹೋಗಿ ಮಾರಾಯ್ರೆ."

ಇವನಿಗೆ ಬೆಳಗಾಗುವವರೆಗೆ ತಡೆಯಲಿಲ್ಲ. ಅಂದೇ ರಾತ್ರಿ ಹೋದ. ಅಂದು ಆಟಿ ಅಮಾವಾಸ್ಯೆ.

ನಿನಗೆ ಗೊತ್ತಿಲ್ಲ, ಹೇಳಬೇಕು. ಆಟಿ ತಿಂಗಳಲ್ಲಿ ನಮ್ಮಲ್ಲಿ ಮನೆಯಲ್ಲಿ ಸತ್ತುಹೋದವರಿಗೆ, ಕುಲೆಗಳಿಗೆ, ಬಡಿಸುವ ಕ್ರಮ. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅನ್ನ, ಕೋಳಿ, ಅವರಿಗೆ ಇಷ್ಟವಿದ್ದದ್ದೆಲ್ಲ ಇಡುವುದು. ದೀಪ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಉಂಡು ಏಳುವವರೆಗೆ ಯಾರೂ ಬಾಗಿಲು ಮುಟ್ಟಬಾರದು. ಆಮೇಲೆ ಮನೆಯ ಹಿರಿಯರು ಮೂರು ಸಲ ತಟ್ಟಿ ತೆರೆಯುತ್ತಾರೆ. ಉಂಡಾದ ಮೇಲೆ ಬದುಕಿದವರ ಊಟ.

ಆ ಮನೆಯ ಯಜಮಾನರು ಪ್ರೇಮನಾಥರು. ನಿತ್ಯಾನಂದನನ್ನು ನೋಡಿ ಮುಖ ಸಣ್ಣ ಮಾಡಿದರು. "ಇವತ್ತೇ ಬಂದಿರಾ... ಒಳಗೆ ಬಡಿಸಿದ್ದೇವೆ. ಜಗಲಿಯಲ್ಲಿ ಕುಳಿತು ನೋಡಿ. ಮೆಲ್ಲಗೆ."

ಪೆಟ್ಟಿಗೆಯಲ್ಲಿ ನಲವತ್ತೊಂದು ಕವರು. ಪ್ರತಿಯೊಂದರ ಮೂಲೆಯಲ್ಲೂ ನೀಲಿ ಶಾಯಿಯಲ್ಲಿ 'ಲಕ್ಷ್ಮೀ' ಅಂತ ಬರೆದಿತ್ತು. ನಲವತ್ತರಲ್ಲಿ ರೆಕಾರ್ಡು ಉಂಟು. ಒಂದು ಖಾಲಿ. ಆ ಖಾಲಿ ಕವರಿನ ರೆಕಾರ್ಡನ್ನೇ ಇವನು ಹನ್ನೊಂದು ವರ್ಷದಿಂದ ಹುಡುಕುತ್ತಿದ್ದದ್ದು.

"ಇದರದ್ದು?"

"ಅದು ಕೊಡುವುದಕ್ಕಿಲ್ಲ. ನನ್ನ ತಂಗಿಯದ್ದು, ಒಳಗೆ ಅವಳಿಗೇ ಇಟ್ಟಿದ್ದೇವೆ. ಹತ್ತೊಂಬತ್ತಕ್ಕೇ ಹೋದಳು." ಅಷ್ಟರಲ್ಲಿ ಬಿಲ್ಡರನ ಫೋನು ಬಂತು. ಪ್ರೇಮನಾಥರು ಮಾತಾಡುತ್ತಾ ಗೇಟಿನ ಕಡೆ ಹೋದರು. ಹೆಂಗಸರು ಹಿತ್ತಿಲಲ್ಲಿದ್ದರು.

ಇವನು ಎದ್ದ. ಒಳಕೋಣೆಯ ಬಾಗಿಲು ನಾಲ್ಕು ಬೆರಳು ಸರಿಸಿದ... ದೀಪ. ಎಲೆ. ಎಲೆಯ ಪಕ್ಕದಲ್ಲಿ ಮಣೆ, ಮಣೆಯ ಮೇಲೆ ಆ ರೆಕಾರ್ಡು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತಂತೆ.

ಗೊತ್ತಿಲ್ಲದೆ ಮಾಡಿದ್ದಲ್ಲ, ಸಂಚಿತಾ. ಊರಿನ ನಮ್ಮ ಮನೆಯಲ್ಲೇ ಬೆಳೆದವನು. "ಹೇಗೂ ಮನೆ ಕೆಡವುತ್ತಾರೆ, ಇದೂ ಮಣ್ಣಾಗುತ್ತದೆ ಅಂತ ಅನ್ನಿಸಿತು ದೊಡ್ಡಮ್ಮಾ," ಅಂದ. ಅಂಗಿಯೊಳಗೆ ಹಾಕಿಕೊಂಡ. ಪೆಟ್ಟಿಗೆ ನಾಳೆ ಒಯ್ಯುತ್ತೇನೆ ಎಂದು ಹೇಳಿ ಹೊರಟ.

ಮಳೆ ಬಿಟ್ಟಿತ್ತು. ರಿಕ್ಷಾ ಸಿಗಲಿಲ್ಲ. ನಡೆದ. ಓಣಿಯ ತಿರುವಿನಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಬಲೆ. ಅದನ್ನು ದಾಟುವಾಗ ಕೇಳಿಸಿತು.

ಸೊಯ್ಯ್... ಟಕ್.
ಸೊಯ್ಯ್... ಟಕ್.

ಹಾಡು ಮುಗಿದ ಮೇಲೆ ಮುಳ್ಳು ಎತ್ತದೆ ಬಿಟ್ಟರೆ ರೆಕಾರ್ಡು ಮಾಡುವ ಸದ್ದು. ಇವನು ನಿದ್ದೆಯಲ್ಲೂ ಗುರುತಿಸಿಯಾನು. ಯಾರದೋ ಮನೆಯದ್ದು ಅಂದುಕೊಂಡ. ಅಲ್ಲಿ ಮನೆಯೇ ಇರಲಿಲ್ಲ. ಇವನು ನಿಂತರೆ ನಿಲ್ಲುತ್ತಿತ್ತು. ನಡೆದರೆ ಹಿಂದೆಯೇ... ಸೊಯ್ಯ್... ಟಕ್. ಫಳ್ನೀರಿನ ಆಸ್ಪತ್ರೆಗಳ ಬೆಳಕು ಬರುವವರೆಗೂ.

ಮನೆಯಲ್ಲಿ ಶಶಿಪ್ರಭಾ, "ಪುನಃ ಗುಜರಿಯಾ? ಇನ್ನು ನಮ್ಮನ್ನು ಹೊರಗೆ ಮಲಗಿಸಿ, ರೆಕಾರ್ಡಿಗೆ ಮಂಚ ಹಾಕಿ!" ಅಂದಳು. ಇವನು ನಗಲಿಲ್ಲ. ತನ್ನ ಹಳದಿ ಬಿಲ್ಲೆಯನ್ನು ತೂತಿಗೆ ಒತ್ತಿ ಕೂರಿಸಿ, ಒಂದು ಸಲ ಹಾಡು ಕೇಳಿ, ಬಿಲ್ಲೆ ತೆಗೆಯದೆ ರೆಕಾರ್ಡನ್ನು ಹಾಗೆಯೇ ಕಪಾಟಿನಲ್ಲಿಟ್ಟ.

ಮರುದಿನದಿಂದ ಅವರ ಮಗಳು ತೃಷಾ. ಆಗ ಅವಳಿಗೆ ಆರು ವರ್ಷ. ಬಟ್ಟಲಿನ ಅನ್ನವನ್ನು ಬೆರಳಿನಿಂದ ಗೆರೆ ಎಳೆದು ಎರಡು ಪಾಲು ಮಾಡುತ್ತಿದ್ದಳು. ಒಂದು ಪಾಲು ಮುಟ್ಟುತ್ತಿರಲಿಲ್ಲ.

"ಅದು ಯಾರಿಗೆ ಮಗಾ?"

"ಅಕ್ಕನಿಗೆ."

"ಯಾವ ಅಕ್ಕ?"

"ಪಪ್ಪನ ಹಿಂದೆ ಬಂದವಳು. ಅವಳದ್ದು ಊಟ ಆಗಲಿಲ್ಲವಂತೆ."

ಎರಡನೇ ವಾರ ಎರಡು ಪಾಲನ್ನೂ ಬಿಟ್ಟಳು. "ಅವಳಿಗೆ ಸಾಕಾಗುವುದಿಲ್ಲ ಅಮ್ಮಾ." ಮೂರನೇ ವಾರ ಕೈಯ ಬಳೆ ಮೊಣಕೈ ದಾಟಿ ಮೇಲೆ ಹೋಗುತ್ತಿತ್ತು. ಡಾಕ್ಟರು ರಕ್ತ ನೋಡಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎಂತದೂ ಇಲ್ಲ ಅಂದರು. ರಾತ್ರಿ ಮಗುವಿನ ಕೋಣೆಯಲ್ಲಿ ಮೆಷಿನೂ ಇಲ್ಲ, ಎಂತದೂ ಇಲ್ಲ... ಸೊಯ್ಯ್... ಟಕ್. ಶಶಿಪ್ರಭಾಳಿಗೂ ಕೇಳಿಸಿತು.

ಆಗ ಇವನು ರೆಕಾರ್ಡು ಹಿಡಿದು ಕೊಡಿಯಾಲ್‌ಬೈಲಿಗೆ ಓಡಿದ. ಮನೆ ಇರಲಿಲ್ಲ. ಕೆಂಪು ಮಣ್ಣು, ಒಂದು ಜೆಸಿಬಿ. ಕೊಟ್ಟಾರದ ಬಾಡಿಗೆ ಮನೆಯಲ್ಲಿದ್ದ ಪ್ರೇಮನಾಥರು ಬಾಗಿಲು ಅರ್ಧವೇ ತೆರೆದರು. ರೆಕಾರ್ಡು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಅವತ್ತು ನಾವು ತಟ್ಟಿ ತೆರೆದಾಗಲೇ ಗೊತ್ತಾಯಿತು."

"ತಪ್ಪಾಯಿತು. ತೆಗೆದುಕೊಳ್ಳಿ."

"ತೆಗೆದುಕೊಂಡರೆ ಅವಳು ಬರುತ್ತಾಳಾ? ಎಲೆಯಿಂದ ಎಬ್ಬಿಸಿಕೊಂಡು ಹೋದವರು ನೀವು. ನೀವೇ ಬಡಿಸಬೇಕು." ಬಾಗಿಲು ಹಾಕುವ ಮೊದಲು ಸ್ವರ ತಗ್ಗಿಸಿ ಅಂದರಂತೆ, "ಒಮ್ಮೆ ಬಡಿಸಿದರೆ ಮತ್ತೆ ಯಾವ ವರ್ಷವೂ ಬಿಡುವ ಹಾಗಿಲ್ಲ. ಯೋಚಿಸಿ."

ಆ ರಾತ್ರಿಯೇ ನನಗೆ ಫೋನು ಬಂದದ್ದು. ಗಂಡಸು ಅಳುತ್ತಿದ್ದ. ಬೇರೆಯವರ ಮನೆಯ ಕುಲೆಗೆ ನಮ್ಮಲ್ಲಿ ಎಲೆ ಹಾಕುವುದಾ? ನಾನು ಕೇಳಿದ್ದೇ ಇಲ್ಲ. ಆದರೆ ಆ ಕಡೆಯಿಂದ ಮಗುವಿನ ಸ್ವರ ಕೇಳಿಸಿತು, ತೆಳ್ಳಗೆ, "ಅಕ್ಕಾ, ನಂಗೂ ಸ್ವಲ್ಪ ಇಡು"... ನಾನೇ ಹೇಳಿದೆ, "ಹಾಕು. ಮನೆಯವಳು ಅಂತ ಕರೆದು ಬಡಿಸು."

ಹಾಗೆಯೇ ಮಾಡಿದ. ಅನ್ನ, ಕೋಳಿ, ಪಲ್ಯ. ಪಕ್ಕದಲ್ಲಿ ಮಣೆಯ ಮೇಲೆ ರೆಕಾರ್ಡು, ಕಪಾಟಿನಿಂದ ತೆಗೆದ ಹಾಗೆಯೇ. ಮೆಷಿನು ಬೇರೆ ಕೋಣೆಯಲ್ಲಿ, ವಯರು ಕಿತ್ತಿಟ್ಟಿತ್ತು. ಬಾಗಿಲು ಎಳೆದು ಮೂವರೂ ಹೊರಗೆ ನಿಂತರು. ಫೋನಿನ ಈ ಕಡೆ ನಾನು, ಇದೇ ಮಂಚದ ಮೇಲೆ.

ಮೊದಲು ಎಂತದೂ ಇಲ್ಲ. ಆಮೇಲೆ ಹಾಡು. ಪೂರ್ತಿ ಹಾಡು, ನಾನು ಕೇಳಿದ್ದೇನೆ. ಆಮೇಲೆ ಸೊಯ್ಯ್... ಟಕ್. ಸೊಯ್ಯ್... ಆಮೇಲಿನ ಟಕ್ ಬರಲೇ ಇಲ್ಲ. ಯಾರೋ ಮುಳ್ಳು ಎತ್ತಿದ ಹಾಗೆ.

ಮೂರು ಸಲ ತಟ್ಟಿ ತೆರೆದರು. ಅನ್ನ ಬಡಿಸಿದ ಹಾಗೆಯೇ ಇತ್ತು. ಕೋಳಿ ಹಾಗೆಯೇ. ರೆಕಾರ್ಡೂ ಮಣೆಯ ಮೇಲೆಯೇ. ಅದರ ನಡುವೆ ಮಾತ್ರ ಬರೀ ತೂತು. ಹಳದಿ ಬಿಲ್ಲೆ ಎಲೆಯ ತುದಿಯಲ್ಲಿತ್ತು, ಕರಿಬೇವು, ಒಣಮೆಣಸಿನ ಜೊತೆ. ಊಟ ಮಾಡುವಾಗ ಬೇಡದ್ದನ್ನು ಆರಿಸಿ ಬದಿಗೆ ಸರಿಸಿಡುತ್ತೇವಲ್ಲ... ಹಾಗೆ.

ತೃಷಾ ಅಡುಗೆಮನೆಗೆ ಹೋಗಿ ಬಟ್ಟಲು ತಂದಳು. "ಅಮ್ಮಾ, ಹಸಿವು."

ನಗಬೇಡ. ಹಾಡು ನನ್ನ ಕಿವಿಯಲ್ಲೇ ಕೇಳಿದ್ದು. ನಾಲ್ಕು ವರ್ಷದಿಂದ ಆಟಿ ಅಮಾವಾಸ್ಯೆಗೆ ನಾನೇ ಫೋನು ಮಾಡಿ ನೆನಪಿಸುತ್ತಿದ್ದೇನೆ, ಅವನು ಮರೆಗುಳಿ. ನನಗೆ ಎಂಬತ್ತೊಂದು. ಆ ಚೂರಿನ ಹೆಸರು ಮರೆತ ಹಾಗೆ ಒಂದು ವರ್ಷ ಇದೂ ಮರೆತುಹೋದರೆ ಅಲ್ಲೊಂದು ಮಗು ಉಂಟು. ಪುಸ್ತಕ ತೆಗೆ ಸಂಚಿತಾ, ಬರೆದುಕೋ. ಆಟಿ ಅಮಾವಾಸ್ಯೆ. ನಿತ್ಯಾನಂದನಿಗೆ ಫೋನು. ಲಕ್ಷ್ಮೀಗೆ ಒಂದು ಎಲೆ, ಪಕ್ಕದಲ್ಲಿ ರೆಕಾರ್ಡು. ಬಿಲ್ಲೆ ಹಾಕಬಾರದು... ಬರೆದೆಯಾ?