ತಗಡಿಗೂ ಪ್ಯಾನೆಲ್‌ಗೂ ನಡುವೆ

ವಿಜಯಪುರ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು. ಅವಳನ್ನು ಕಳಿಸಲು ಬಂದ ತಮ್ಮನ ಕೈಯಲ್ಲಿ ಅವಳ ಚೀಲವಿತ್ತು.

“ಸಂಗನಬಸು, ನಮ್ಮ ಮನಿ ತಗಡಿನ ಮ್ಯಾಲ ನೀ ಕೂಡ್ಸಿದ ಸೋಲಾರ ನಡುಮಧ್ಯಾಹ್ನದಾಗ ಕರೆಂಟ್ ಕಡಿಮಿ ಕೊಡ್ತೈತಿ.”

“ಪ್ಯಾನೆಲ್ ಕಾದ್ರ ಹಂಗ ಅಕ್ಕಾ. ಬಿಸಲಿಗೆ ಏನ್ ಮಾಡೂದು?”

“ತಗಡಿಗೆ ಹಚ್ಚಿ ಬಡದೀದಿ. ಒಣದ್ರಾಕ್ಷಿಗೆ ಸೈತ ನಾವು ಕೆಳಗ ಗಾಳಿ ಆಡಾಕ ಬಿಡ್ತೀವಿ.”

“ತಗಡಿನ ಮ್ಯಾಲ ಹಂಗ ಕೂಡ್ಸೂದು.”

“ನಿನ್ನೆ ನಿಮ್ಮ ಮಾಳಗಿ ಮ್ಯಾಲಿಂದ ನಿನ್ನ ಶೆಡ್ ನೋಡೇನಿ. ಅದೂ ತಗಡಿಂದ ಐತಿ. ಅಲ್ಲಿ ಪ್ಯಾನೆಲ್‌ಗೆ ಕಬ್ಬಿಣದ ಕಾಲು ಕೊಟ್ಟು, ಗೇಣು ಎತ್ತರಿಸಿ ಕೂಡ್ಸೀದಿ.”

ಅವನು ಬಸ್ಸು ಬರುವ ದಾರಿಯನ್ನೇ ನೋಡಿದ.

“ಅವು ನಮ್ಮ ಮನೀವು, ಅಕ್ಕಾ.”

“ಮತ್ತ ನಾ ಯಾರ ಮನಿ ಮಗಳೋ, ತಮ್ಮಾ?”

ಬಸ್ಸು ಬಂತು. ಅವನ ಕೈಯಿಂದ ಚೀಲ ಕಸಿದುಕೊಂಡು ಹತ್ತಿದಳು.