ಶಶಿರೇಖಾ ಔಟಾದ ಬಗೆ

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಸಾಫ್ಟ್‌ಬಾಲ್ ಆಡಿ ಬಂದ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಕೂತಿದ್ದಳು. ಅವಳಮ್ಮ ವಿಚಾರಿಸುತ್ತಿದ್ದರು.

“ಬಾಲ್ ಹೊಡೆದಿದ್ದು ಯಾರೇ ಶಶಿರೇಖಾ?”

“ಇಂಪನಾ. ಕಾಂಪೌಂಡಿಂದಾಚೆಗೆ ಹೊಡೆದ್ಲು.”

“ಔಟಾಗಿದ್ದು?”

“ನಾನು.”

“ನೀನೆಲ್ಲಿದ್ದೆ?”

“ನಲ್ಲಿ ಹತ್ರ ನೀರು ಕುಡೀತಿದ್ದೆ.”

“ಅಂಪೈರ್‌ಗೇನು ತಲೆ ಕೆಟ್ಟಿತ್ತಾ?”

“ಇಲ್ಲ ಕಣಮ್ಮ. ಬ್ಯಾಟಿಂಗ್ ಲಿಸ್ಟಲ್ಲಿ ನನ್ ಸರದಿ ಇತ್ತು. ಮೇಷ್ಟ್ರು ಮರೆತು ಅವಳನ್ನ ಕಳಿಸ್ಬಿಟ್ರು. ಯಾರ ಸರದಿನೋ ಅವ್ರೇ ಔಟು, ರೂಲೇ ಹಂಗೆ. ಅಲ್ಲಿಗೆ ಸೋತ್ವಿ.”

ಅಮ್ಮ ಮಗಳ ಬ್ಯಾಗನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು.

“ಅಪ್ಪಂಗೆ ಏನಮ್ಮ ಹೇಳ್ಲಿ?”

“ಹೊಡೆಯೋಕ್ ಹೋಗಿ ಔಟಾದೆ ಅನ್ನು. ನಿಜ ಹೇಳಿದ್ರೆ, ಸುಳ್ಳು ಹೇಳ್ತೀಯಾ ಅಂತ ಬಯ್ತಾರೆ.”

ಹೆಬ್ಬೂರು ಬಸ್ಸು ಬಂತು. ತಾಯಿ ಮಗಳು ಹತ್ತಿಕೊಂಡು ಹೋದರು.